ಮೇಸ್ತ್ರಿಯ ಲೆಟರ್‌ಹೆಡ್

ನಮ್ಮ ಮಳವಳ್ಳಿ ಕಡೆಯ ಹುಡುಗ ಕೆನಡಾಕ್ಕೆ ಹೋಗಿದ್ದಾನೆ. ಎರಡು ವರ್ಷ ಐಟಿಐ, ಆಮೇಲೆ ಹತ್ತು ವರ್ಷ ಮಂಡ್ಯದಲ್ಲಿ ವೈರಿಂಗ್. ಪಂಪ್‌ಸೆಟ್ ಗುಂಯ್ ಅಂದರೆ ಸಾಕು, ಗದ್ದೆ ಬದುವಿನಲ್ಲಿ ನಿಂತೇ ‘ಒಂದು ಫೇಸ್ ಹೋಗೈತೆ’ ಅನ್ನುತ್ತಿದ್ದ. ಈಗ ಒಂಟಾರಿಯೋದ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಾನೆ. ತಲೆ ಮೇಲೆ ಟ್ಯೂಬ್‌ಲೈಟ್ ಮಿಣುಕುತ್ತಿದೆಯಂತೆ. ಮುಟ್ಟುವ ಹಾಗಿಲ್ಲ.

ಅಲ್ಲಿ ವೈರಿಂಗ್ ಮಾಡಲು ಲೈಸೆನ್ಸ್ ಬೇಕು. ಲೈಸೆನ್ಸಿಗೆ ಪರೀಕ್ಷೆ. ಪರೀಕ್ಷೆಗೆ ಕೂರುವ ಮೊದಲು 9,000 ಗಂಟೆ ದುಡಿದಿದ್ದಕ್ಕೆ ಪುರಾವೆ. ಗಂಟೆಗೇನು ಬರ? ಇವನ ಹತ್ರ ಅದರ ಎರಡರಷ್ಟಿದೆ. ಆದರೆ ಹಳೇ ಮಾಲೀಕ ಲೆಟರ್‌ಹೆಡ್‌ನಲ್ಲಿ ಬರೆದುಕೊಡಬೇಕು, ಯಾವ ಕೆಲಸಕ್ಕೆ ಎಷ್ಟು ಗಂಟೆ ಅಂತ ಬಿಡಿಸಿ.

ಮಾಲೀಕ ಅಂದರೆ ನಮ್ಮ ಮೇಸ್ತ್ರಿ. ಅವನ ಲೆಕ್ಕವೆಲ್ಲ ಬೀಡಿ ಕಟ್ಟಿನ ಹಿಂದೆ. ಪಾಪ, ಕೂತು ಯೋಚನೆ ಮಾಡಿದ. ಗಣೇಶನ ಪೆಂಡಾಲಿಗೆ ಸೀರಿಯಲ್ ಸೆಟ್ ಕಟ್ಟಿದ್ದು ಯಾವ ಖಾತೆಗೆ? ಆಲೆಮನೆ ಮೋಟಾರು ಸರಿಮಾಡಿ ಕೂಲಿಗೆ ಎರಡಚ್ಚು ಬೆಲ್ಲ ತಂದಿದ್ದು? ಕರೆಂಟು ಹೋಗಿ, ಬರಲಿ ಅಂತ ಕಂಬದ ಕೆಳಗೆ ಕಾದ ಗಂಟೆಗಳು ಲೆಕ್ಕಕ್ಕೋ, ಇಲ್ವೋ? ಅವನ್ನೇ ಸೇರಿಸಿದರೆ 9,000 ದಾಟುತ್ತೆ ಬಿಡಿ.

ಹಾಗಂತ ತರಬೇತಿಯೇ ಬೇಡ ಅನ್ನೋಕಾಗಲ್ಲ. ನಮ್ಮಲ್ಲಿ ಮನೆಗೆ ಬರುವುದು 230 ವೋಲ್ಟ್, 50 ಹರ್ಟ್ಸ್. ಅಲ್ಲಿ 120, 60. ನಮ್ಮಲ್ಲಿ ಸ್ವಿಚ್ ಕೆಳಗೆ ಒತ್ತಿದರೆ ದೀಪ, ಅಲ್ಲಿ ಮೇಲಕ್ಕೆ. ಇದಾದರೂ ತಮಾಷೆ. ತಮಾಷೆಯಲ್ಲದ್ದು ಕಪ್ಪು ತಂತಿ. ನಮ್ಮ ವೈರಿಂಗಿನಲ್ಲಿ ಅದು ನ್ಯೂಟ್ರಲ್, ಅಲ್ಲಿ ಅದರಲ್ಲೇ ಕರೆಂಟು. ಊರಿನ ಅಭ್ಯಾಸಬಲದಲ್ಲಿ ಹಿಡಿದರೆ ನೇರ ಕೈಲಾಸ. ಇದನ್ನು ಹೇಳಿಕೊಡಿ ಸ್ವಾಮಿ, ಒಂದು ವಾರ ಹೇಳಿಕೊಡಿ, ಕೈ ಮುಗೀತೀವಿ. ಆದರೆ ತಂತಿಯ ತನಕ ಹೋಗೋಕೆ ಮೊದಲು ಕಾಗದ ದಾಟಬೇಕಲ್ಲ!

ನಮ್ಮೂರ ಪಕ್ಕದಲ್ಲೇ ಶಿವನಸಮುದ್ರ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟು ಕೊಟ್ಟರು. ಆ ಯೋಜನೆ ಹಾಕಿದವರು ಜೋಲಿ ಡಿ ಲಾಟ್‌ಬಿನಿಯರ್. ಹುಟ್ಟೂರು ಎಲ್ಲಿ ಗೊತ್ತಾ? ಕೆನಡಾದ ಕ್ವಿಬೆಕ್. ಹೆಸರು ಬಾಯಿಗೆ ಹತ್ತದಿದ್ದರೂ ನಮ್ಮವರು ಕಾವೇರಿಯನ್ನೇ ಕೈಗೆ ಕೊಟ್ಟರು. ‘ಮಳವಳ್ಳಿಯಲ್ಲಿ ಎಷ್ಟು ಗಂಟೆ ಕೆಲಸ ಮಾಡಿದ್ದೀರಿ?’ ಅಂತ ಕೇಳಿದ ದಾಖಲೆ ನನಗಂತೂ ಸಿಕ್ಕಿಲ್ಲ. ಕೇಳಿದ್ದರೆ ಗಣಿಯವರು ಇನ್ನೂ ಸೀಮೆಎಣ್ಣೆ ಹುಡುಕುತ್ತಿದ್ದರು.

ಕೊನೆಗೆ ಮೇಸ್ತ್ರಿ ಮಂಡ್ಯದ ಪ್ರೆಸ್ಸಿಗೆ ಹೋದ.

‘ಒಂದು ಲೆಟರ್‌ಹೆಡ್ ಹಾಕ್ಕೊಡಿ.’

‘ಒಂದಾ? ಮಿನಿಮಂ ಐನೂರು.’

ಹಾಕಿಸಿದ. ಮೇಲೆ ಚಾಮುಂಡೇಶ್ವರಿ, ಪಕ್ಕದಲ್ಲಿ ಬಲ್ಬು, ಕೆಳಗೆ ‘ಪ್ರೊಪ್ರೈಟರ್’. ಒಂದು ಹಾಳೆ ವಿಮಾನ ಹತ್ತಿತು. ಉತ್ತರ ಇನ್ನೂ ಬಂದಿಲ್ಲ. ಉಳಿದ 499 ಹಾಳೆಗೆ ಈಗ ಬೆಳಿಗ್ಗೆ ಆರಕ್ಕೇ ಮೇಸ್ತ್ರಿ ಮನೆ ಮುಂದೆ ಕ್ಯೂ. ಅದರಲ್ಲಿ ಅರ್ಧ ಜನಕ್ಕೆ ಟೆಸ್ಟರ್ ಯಾವ ಕಡೆಯಿಂದ ಹಿಡಿಯೋದು ಅಂತ ಗೊತ್ತಿಲ್ಲ. ಗಂಟೆ ಮಾತ್ರ ಎಲ್ಲರದ್ದೂ 9,000.