ಸೊಪ್ಪು ಒಂದೇ, ಹಿಡಿದ ಕೈ ಬೇರೆ

ಹೋದ ಶನಿವಾರ ರಾತ್ರಿ ಒಂದು ಕಂಟ್ರಿ ಮ್ಯೂಸಿಕ್ ಕಾರ್ಯಕ್ರಮಕ್ಕೆ ಹೋಗಿದ್ದೆ. ಅಮೆರಿಕದಲ್ಲಿ ನಾನಿರೋ ಆಸ್ಟಿನ್‌ನಿಂದ ಮುಕ್ಕಾಲು ಗಂಟೆ ದಾರಿ, ತಗಡಿನ ಮಾಡಿನ ಹಳೇ ಡಾನ್ಸ್ ಹಾಲ್. ಟಿಕೆಟ್ 25 ಡಾಲರ್. ಬಂದ ದುಡ್ಡೆಲ್ಲ ಟೆಕ್ಸಸ್‌ನ ಗಾಂಜಾ ಕಾನೂನು ಬದಲಾಯಿಸಿ ಅಂತ ಓಡಾಡೋರ ಖರ್ಚಿಗೆ. ಇಷ್ಟು ಓದಿದ ಕೂಡಲೇ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಏನು ಶುರುವಾಗುತ್ತೆ ಅಂತ ಗೊತ್ತು. ಅದಕ್ಕೇ ಮೊದಲೇ ಹೇಳಿಬಿಡ್ತೀನಿ, ನಾನು ಸೇದಲ್ಲ. ಪಿಯುಸಿಯಲ್ಲಿದ್ದಾಗ ಒಂದೇ ಒಂದು ಬೀಡಿ ಸೇದಿ, ಕಣ್ಣಲ್ಲಿ ನೀರು ಬರೋವರೆಗೂ ಕೆಮ್ಮಿ ಆ ಅಧ್ಯಾಯ ಮುಗಿಸಿದೋನು. ಹೋಗಿದ್ದು ಪೆಡಲ್ ಸ್ಟೀಲ್ ಗಿಟಾರ್ ಕೇಳೋದಕ್ಕೆ.

ಅದನ್ನ ಹತ್ತಿರದಿಂದ ನೋಡಿರದವರಿಗೆ ಒಂದು ಮಾತು. ಅದು ಹೆಗಲಿಗೆ ಹಾಕಿಕೊಳ್ಳೋ ಗಿಟಾರ್ ಅಲ್ಲ, ಹೊಲಿಗೆ ಯಂತ್ರದ ಥರ ಕಾಲುಗಳ ಮೇಲೆ ನಿಂತಿರುತ್ತೆ. ನುಡಿಸೋರು ಕುರ್ಚಿ ಹಾಕ್ಕೊಂಡು ಕೂತು, ಎಡಗೈಯಲ್ಲಿ ಒಂದು ಉಕ್ಕಿನ ತುಂಡನ್ನ ತಂತಿಗಳ ಮೇಲೆ ಜಾರಿಸುತ್ತಾ, ಪಾದದಿಂದ ಪೆಡಲ್ ಒತ್ತುತ್ತಾ, ಮೊಣಕಾಲಿನಿಂದ ಪಕ್ಕದ ಸನ್ನೆಗೋಲು ತಳ್ಳುತ್ತಾ ಇರ್ತಾರೆ. ನಾನು ಕೂತಿದ್ದು ಆ ಅಜ್ಜನಿಂದ ಹತ್ತಡಿ ದೂರ. ಎಪ್ಪತ್ತು ದಾಟಿರಬೇಕು, ಬೂಟಿನ ಅಟ್ಟೆ ಸವೆದಿತ್ತು. ಒಂದು ಸ್ವರ ಹಿಡಿದು ಇನ್ನೊಂದಕ್ಕೆ ಎಳೆದಾಗ ಅದು ನಮ್ಮ ಹಿಂದೂಸ್ತಾನಿ ಸಂಗೀತದ ಅಪ್ಪಟ ಮೀಂಡ್. ಗದಗದ ಕಡೆಯವನಿಗೆ ಕಿವಿ ನೆಟ್ಟಗಾಗದೇ ಇರುತ್ತಾ? ಪಕ್ಕದಲ್ಲಿದ್ದ ಆಫೀಸಿನ ಗೆಳೆಯನಿಗೆ ‘ಇದು ನಮ್ಮದು’ ಅಂದೆ. ಐದು ತಲೆಮಾರಿನಿಂದ ದನ ಸಾಕ್ಕೊಂಡು ಬಂದ ಮನೆತನದವನು ಅವನು. ‘ಹವಾಯಿಯವರೂ ಹಂಗೇ ಅಂತಾರೆ’ ಅಂದ. ಅವನು ಹೇಳಿದ್ದೇ ಸರಿ, ಪೆಡಲ್ ಸ್ಟೀಲ್‌ನ ಮೂಲ ಹವಾಯಿಯನ್ ಗಿಟಾರ್.

ನಾನು ಅಂದುಕೊಂಡಿದ್ದು ಉದ್ದ ಕೂದಲಿನ ಹುಡುಗರ ಸಂತೆ ಅಂತ. ನೋಡಿದರೆ ಕೌಬಾಯ್ ಟೊಪ್ಪಿಗೆಯ ರೈತರು, ಮೊಮ್ಮಕ್ಕಳ ಫೋಟೊ ತೋರಿಸೋ ಅಜ್ಜಿಯರು, ಕೈಯಲ್ಲಿ ಶೈನರ್ ಬಿಯರು, ಕಾಗದದ ತಟ್ಟೆಯಲ್ಲಿ ಬ್ರಿಸ್ಕೆಟ್ಟು. ಗಂಡ ಹೆಂಡತಿ ಜೋಡಿಯಾಗಿ ಟೂ-ಸ್ಟೆಪ್ ಹಾಕ್ತಿದ್ದರು. ಒಳಗೆ ಯಾರೂ ಸೇದಲಿಲ್ಲ, ಗೇಟಿನಾಚೆ ಶೆರೀಫರ ಕಾರು ನಿಂತಿತ್ತು. ಪಾರ್ಕಿಂಗ್ ಕಡೆಯಿಂದ ಗಾಳಿ ಬೀಸಿದಾಗ ಮಾತ್ರ ಆ ವಾಸನೆ.

ಆ ವಾಸನೆ ಮೂಗಿಗೆ ಬಡಿದಾಗೆಲ್ಲ ನನ್ನ ಕೈ ಜೇಬಿನ ವ್ಯಾಲೆಟ್ ಮುಟ್ಟಿ ನೋಡ್ತಿತ್ತು. ಯಾಕೆ ಅಂತ ಆಮೇಲೆ ಹೇಳ್ತೀನಿ.

ಈ ಹಾಡುಗಳಿಗೂ ಈ ಸೊಪ್ಪಿಗೂ ಇರೋ ನಂಟು ತಮಾಷೆಯದು. 1969ರಲ್ಲಿ ಮರ್ಲ್ ಹ್ಯಾಗರ್ಡ್ ಅನ್ನೋ ಕಂಟ್ರಿ ಗಾಯಕ, ಒಕ್ಲಹೋಮದ ಮಸ್ಕೋಗಿ ಅನ್ನೋ ಊರಲ್ಲಿ ನಾವು ಗಾಂಜಾ ಸೇದೋರಲ್ಲ ಅಂತ ಎದೆ ತಟ್ಟಿ ಹಾಡಿದ. ಹಿಪ್ಪಿಗಳನ್ನ ಕಂಡರಾಗದವರಿಗೆಲ್ಲ ಅದು ನಾಡಗೀತೆಯಾಗಿಬಿಟ್ಟಿತು. ಅದೇ ಹ್ಯಾಗರ್ಡ್ 2015ರಲ್ಲಿ ಇನ್ನೊಬ್ಬ ಕಂಟ್ರಿ ಗಾಯಕ ವಿಲ್ಲಿ ನೆಲ್ಸನ್ ಪಕ್ಕ ಕೂತು ಗಾಂಜಾ ಬಗ್ಗೆಯೇ ಒಂದು ತಮಾಷೆ ಹಾಡು ಹೇಳಿದ. 2018ರಲ್ಲಿ ಒಕ್ಲಹೋಮದ ಜನ ವೋಟು ಹಾಕಿ ಔಷಧಿಯ ಗಾಂಜಾಕ್ಕೆ ಒಪ್ಪಿಗೆ ಕೊಟ್ಟರು. ಈಗ ಮಸ್ಕೋಗಿಯಲ್ಲೂ ಅದರ ಅಂಗಡಿಗಳಿವೆ. ಶನಿವಾರ ಬ್ಯಾಂಡಿನವರು ಆ 1969ರ ಹಾಡು ಶುರು ಮಾಡಿದ್ದೇ ತಡ, ಮೊದಲ ಸಾಲಿಗೇ ಇಡೀ ಹಾಲ್ ಗೊಳ್ಳೆಂದಿತು. ಆದರೂ ಪಲ್ಲವಿ ಬಂದಾಗ ಟೊಪ್ಪಿಗೆ ತೆಗೆದು ಎದೆಗೆ ಹಿಡಿದು ಹಾಡಿದರು. ನಗುವುದನ್ನೂ ಬಿಡಲ್ಲ, ಹಾಡನ್ನೂ ಬಿಡಲ್ಲ. ಈ ಜನ ನನಗೆ ಇಷ್ಟವಾಗೋದು ಇದಕ್ಕೇ.

ನನಗೆ ಸಿಟ್ಟು ಬಂದಿದ್ದು ಆಮೇಲೆ. ನಿರೂಪಕರು ನೆಲ್ಸನ್‌ನ ಕಥೆ ತೆಗೆದರು. 2010ರಲ್ಲಿ ಸಿಯೆರಾ ಬ್ಲಾಂಕಾದ ಗಡಿ ಚೆಕ್‌ಪೋಸ್ಟಿನಲ್ಲಿ ಆತನ ಬಸ್ಸಿನಲ್ಲಿ ಸುಮಾರು ಆರು ಔನ್ಸ್ ಸಿಕ್ಕಿತ್ತು. ಕೋರ್ಟಿನಲ್ಲಿ ಒಂದು ಹಾಡು ಹೇಳಿಸಿ, ದಂಡ ಹಾಕಿ ಮುಗಿಸೋಣ ಅಂತ ಅಲ್ಲಿನ ಸರ್ಕಾರಿ ವಕೀಲರೇ ಅಂದಿದ್ದರು. ನ್ಯಾಯಾಧೀಶರು ಹಾಡಿಗೆ ಒಪ್ಪಲಿಲ್ಲ, ಆದರೂ ಕಥೆ ಮುಗಿದಿದ್ದು ದಂಡದಲ್ಲೇ. ಜನ ಮೇಜು ಗುದ್ದಿ ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ.

ಆದರೆ ಇದೇ ಟೆಕ್ಸಸ್‌ನಲ್ಲಿ 1968ರಲ್ಲಿ ಹ್ಯೂಸ್ಟನ್‌ನ ಲೀ ಓಟಿಸ್ ಜಾನ್ಸನ್ ಅನ್ನೋ ಕರಿಯ ವಿದ್ಯಾರ್ಥಿ ನಾಯಕನಿಗೆ 30 ವರ್ಷ ಜೈಲು ಹಾಕಿದರು. ತಪ್ಪು ಏನು? ಮಫ್ತಿಯಲ್ಲಿದ್ದ ಪೊಲೀಸನಿಗೆ ಒಂದೇ ಒಂದು ಗಾಂಜಾ ಸಿಗರೇಟು ಕೊಟ್ಟಿದ್ದು. 1972ರಲ್ಲಿ ಆತ ಹೊರಬಂದ. ಆಗೆಲ್ಲ ಇಲ್ಲಿ ಚಿಟಿಕೆಯಷ್ಟು ಇಟ್ಟುಕೊಂಡಿದ್ದರೂ ಎರಡು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ಹಾಕಬಹುದಿತ್ತು, 1973ರಲ್ಲಿ ಇಳಿಸಿದರು. ಶನಿವಾರದ ವೇದಿಕೆಯ ಮೇಲೆ ಮೂರು ಗಂಟೆಯಲ್ಲಿ ಆ ಹೆಸರು ಒಮ್ಮೆಯೂ ಬರಲಿಲ್ಲ. ಕಾನೂನನ್ನ ಗೇಲಿ ಮಾಡೋದು ಅದರಿಂದ ಏಟು ತಿನ್ನದವರಿಗೆ ಸುಲಭ.

ನಮ್ಮೂರಲ್ಲಿ ಬೇರೆ ಇತ್ತಾ? ಜಾತ್ರೆಗೆ ಬಂದ ಸಾಧು ಕಟ್ಟೆ ಮೇಲೆ ಕೂತು ಚಿಲುಮಿ ಹಚ್ಚಿದರೆ ನಮ್ಮಜ್ಜ ಕೈ ಮುಗಿದು ಒಂದು ಸೇರು ಜೋಳದ ಹಿಟ್ಟು ಕೊಟ್ಟು ಬರೋನು. ಅದೇ ಸೊಪ್ಪು ಓಣಿ ಹುಡುಗನ ಕಿಸೆಯಲ್ಲಿ ಸಿಕ್ಕಾಗ ‘ಏನಲೇ ಮಗನ, ನೀ ಏನ್ ಸಾಧು ಆಗೀಯೇನು?’ ಅಂತ ಬಾರುಕೋಲು ತಗೊಂಡಿದ್ದೂ ಅವನೇ. ದೇಶದ ಕಾನೂನಿನಲ್ಲೂ ಇಂಥದ್ದೇ ಒಂದು ಬಿರುಕು. 1985ರ ಎನ್‌ಡಿಪಿಎಸ್ ಅನ್ನೋ ಮಾದಕವಸ್ತು ಕಾಯ್ದೆ ಗಾಂಜಾ ಅನ್ನೋದು ಗಿಡದ ಹೂತೆನೆಯನ್ನ, ಬರೀ ಎಲೆ ಬೀಜಗಳನ್ನಲ್ಲ. ಹಾಗಾಗಿ ಎಲೆ ಅರೆದು ಮಾಡೋ ಭಂಗಿ ಹೊರಗುಳಿಯಿತು. 2022ರಲ್ಲಿ ನಮ್ಮ ಹೈಕೋರ್ಟು ಭಂಗಿ ಸಾಗಿಸಿದ ಕೇಸೊಂದರಲ್ಲಿ ಜಾಮೀನು ಕೊಡುವಾಗ ಹಿಡಿದಿದ್ದೂ ಇದೇ ಎಳೆಯನ್ನ.

ಆ ರಾತ್ರಿ ನಗು ನಿಂತಿದ್ದು ಒಂದೇ ಸಲ. ಇರಾಕ್‌ಗೆ ಹೋಗಿಬಂದ ಮಾಜಿ ಸೈನಿಕರೊಬ್ಬರು ಮೈಕ್ ಹಿಡಿದರು. ಭಾಷಣವೇನಲ್ಲ, ನಾಲ್ಕು ಮಾತು. ರಾತ್ರಿ ನಿದ್ದೆ ಬರ್ತಿರಲಿಲ್ಲ, ಎಂಟು ಬಗೆಯ ಮಾತ್ರೆ ಕೊಟ್ಟಿದ್ದರು, ಹೆಂಡತಿ ಬೇರೆ ಕೋಣೆಯಲ್ಲಿ ಮಲಗೋಳು. ಟೆಕ್ಸಸ್ 2015ರಲ್ಲಿ ಕಡಿಮೆ ಮತ್ತಿನ ಗಾಂಜಾ ಎಣ್ಣೆಯನ್ನ ಅಪಸ್ಮಾರದವರಿಗೆ ಮಾತ್ರ ಅಂತ ಶುರು ಮಾಡಿ, ಯುದ್ಧದ ಆಘಾತದವರನ್ನ ಸೇರಿಸಿದ್ದು 2021ರಲ್ಲಿ. ‘ಅದಕ್ಕೆ ಮುಂಚಿನ ಅಷ್ಟೂ ವರ್ಷ ನಾನು ಅಪರಾಧಿ’ ಅಂದರು. ಕೈ ನಡುಗ್ತಿತ್ತು, ಮೈಕನ್ನ ಸ್ಟ್ಯಾಂಡಿಗೆ ಸಿಕ್ಕಿಸೋಕೆ ಆಗಲಿಲ್ಲ. ಪೆಡಲ್ ಸ್ಟೀಲಿನ ಅಜ್ಜ ಎದ್ದು ಬಂದು ಸಿಕ್ಕಿಸಿದರು.

ಇಂದಿಗೂ ಇಲ್ಲಿ ಎರಡು ಔನ್ಸ್ ಒಳಗಿದ್ದರೂ 180 ದಿನದವರೆಗೆ ಜೈಲು, 2000 ಡಾಲರ್‌ವರೆಗೆ ದಂಡ. ಸಣ್ಣ ಪ್ರಮಾಣಕ್ಕೆ ಹಿಡಿಯಬೇಡಿ ಅಂತ 2022ರಲ್ಲಿ ಆಸ್ಟಿನ್ ಮತದಾರರು ಶೇ. 85ರಷ್ಟು ಹೌದು ಅಂದರು, 2024ರಲ್ಲಿ ರಾಜ್ಯದ ಅಟಾರ್ನಿ ಜನರಲ್ ಊರಿನ ಮೇಲೇ ಕೇಸು ಹಾಕಿದರು. ಕೊಲೊರಾಡೊ 2012ರಲ್ಲಿ ಮಾಡಿದ ಹಾಗೆ ಇಡೀ ರಾಜ್ಯದ ಜನ ಸಹಿ ಸಂಗ್ರಹಿಸಿ ವೋಟಿಗೆ ಹಾಕೋ ದಾರಿ ಟೆಕ್ಸಸ್‌ನಲ್ಲಿಲ್ಲ. ಶಾಸಕರ ಬಾಗಿಲೇ ತಟ್ಟಬೇಕು. ಅವರಾದರೂ ಮಾಮೂಲಿಯಾಗಿ ಸೇರೋದು ಬೆಸ ವರ್ಷಗಳಲ್ಲಿ, ಹೆಚ್ಚೆಂದರೆ 140 ದಿನ. ಆ 140 ದಿನದ ಓಡಾಟಕ್ಕೇ ಈ ಬ್ರಿಸ್ಕೆಟ್ಟು, ಈ ಲಾಟರಿ ಚೀಟಿ.

ಊಟದ ಹೊತ್ತಿಗೆ ಒಬ್ಬ ಅಜ್ಜಿ ರಟ್ಟಿನ ಪ್ಯಾಡ್ ಹಿಡಿದು ಬಂದು, ‘ವೋಟರ್ ಲಿಸ್ಟಿನಲ್ಲಿ ಹೆಸರಿದೆಯಾ ಮಗಾ?’ ಅನ್ನೋ ಧಾಟಿಯಲ್ಲಿ ಕೇಳಿ ಪೆನ್ನು ಚಾಚಿದರು. ನಾನು ಹಾವು ಕಂಡವನ ಹಾಗೆ ಹಿಂದೆ ಸರಿದೆ. ನಾಗರಿಕನಲ್ಲದವನು ವೋಟರ್ ಲಿಸ್ಟಿಗೆ ಸೇರಿಸೋ ಆ ಹಾಳೆಗೆ ಸಹಿ ಹಾಕಿದರೆ ಅದೇ ಅಪರಾಧ. ಈಗ ವ್ಯಾಲೆಟ್ ವಿಷಯ. ಅದರಲ್ಲಿರೋದು ನನ್ನ ಲೈಸೆನ್ಸು, ವೀಸಾ ಎಲ್ಲಿವರೆಗೋ ಅಲ್ಲಿವರೆಗಷ್ಟೇ ಅದರ ಆಯಸ್ಸು. ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತು ಕೂದಲು ನೆರೆತಿದೆ. ವಲಸೆ ನೋಡಿಕೊಳ್ಳೋದು ಕೇಂದ್ರ ಸರ್ಕಾರ, 1970ರಲ್ಲಿ ಈ ಸೊಪ್ಪನ್ನ ಹೆರಾಯಿನ್ ಪಕ್ಕ ಅತಿ ಬಿಗಿಯಾದ ಒಂದನೇ ಪಟ್ಟಿಗೆ ಸೇರಿಸಿದ್ದೂ ಅದೇ ಕೇಂದ್ರ. ನಮ್ಮಂಥವರು ಅಂಗಡಿಯಲ್ಲಿ ರಾಜಾರೋಷವಾಗಿ ಮಾರೋ ಕೊಲೊರಾಡೊಗೆ ಹೋಗಿ ಸೇದಿ, ಯಾರ ಕೈಗೂ ಸಿಕ್ಕದೆ ವಾಪಸ್ಸು ಬಂದರೂ, ಅಧಿಕಾರಿಯ ಮುಂದೆ ‘ಹೌದು’ ಅಂತ ಒಪ್ಪಿಕೊಂಡರೆ ಸಾಕು, ಕಾಗದಪತ್ರಕ್ಕೆ ಕುತ್ತು ಬರಬಹುದು. ರಜೆಗೆ ಕೊಲೊರಾಡೊದ ಡೆನ್ವರ್‌ಗೆ ಹೋಗಿ ಗಾಂಜಾ ಬೆರೆಸಿದ ಗಮ್ಮಿ ಮಿಠಾಯಿ ತಿಂದು ಇನ್‌ಸ್ಟಾಗ್ರಾಮಿಗೆ ಹಾಕೋ ನಮ್ಮ ಹುಡುಗರೇ, ಅಣ್ಣ ಅನ್ನಿಸಿಕೊಂಡ ತಪ್ಪಿಗೆ ಹೇಳ್ತಿದ್ದೀನಿ, ಒಂದು ಸಲ ವಕೀಲರನ್ನ ಕೇಳಿ.

ಗಾಂಜಾ ಒಳ್ಳೇದು ಅಂತ ನಾನು ಎಲ್ಲೂ ಬರೆದಿಲ್ಲ. ಹದಿನಾರರ ನನ್ನ ಮಗ ಮುಟ್ಟಿದರೆ ಅಜ್ಜನ ಬಾರುಕೋಲು ನನಗೂ ನೆನಪಾಗುತ್ತೆ. ಆದರೆ ಬಾರುಕೋಲು ಬೇರೆ, ಬೇಡಿ ಬೇರೆ. ಯಾರ ಕೈಯಲ್ಲಿದೆ ಅಂತ ನೋಡಿ ಒಬ್ಬನಿಗೆ ಹಾಡು, ಇನ್ನೊಬ್ಬನಿಗೆ 30 ವರ್ಷ ಅನ್ನೋ ಕಾನೂನಿಗೆ 25 ಡಾಲರ್ ಕೊಟ್ಟು ವಿರೋಧ ಹೇಳಿದ್ದು ನನಗೆ ಚೂರೂ ನಾಚಿಕೆಯಲ್ಲ.

ಅಜ್ಜಿ ಬೇಜಾರು ಮಾಡ್ಕೊಳ್ಳಲಿಲ್ಲ. ಪೆನ್ನು ಜೇಬಿಗಿಟ್ಟು ಒಂದು ಲಾಟರಿ ಚೀಟಿ ಹರಿದು ಪುಕ್ಕಟೆ ಕೊಟ್ಟರು. ಹುಟ್ಟಿದಾಗಿನಿಂದ ಒಂದು ಸ್ಟೀಲ್ ಲೋಟ ಗೆದ್ದಿಲ್ಲದ ನನಗೆ ಅವತ್ತೇ ಬಹುಮಾನ ಹೊಡೀಬೇಕಾ? ಟಿ-ಶರ್ಟು, ಎದೆ ತುಂಬ ಏಳು ಬೆರಳಿನ ಹಸಿರು ಎಲೆ. ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಮೂಸಿ ನೋಡಿ, ‘ಮೊದ್ಲು ಸ್ನಾನ, ಆಮೇಲೆ ಒಳಗ ಬರ್ರಿ’ ಅಂದಳು. ಶರ್ಟು ನೋಡಿ ಏನೂ ಅನ್ನಲಿಲ್ಲ. ಈಗ ಅದು ಕಾರು ಒರೆಸೋ ಬಟ್ಟೆ. ಡಿಕ್ಕಿಯಲ್ಲಿದೆ, ಎಲೆ ಒಳಮುಖವಾಗೋ ಹಾಗೆ ಮಡಚಿಟ್ಟಿದ್ದೀನಿ.