ದೀಪ ಹಚ್ಚದ ಹುಡುಗಿ

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯ ಒಂದು ಟೀಚರ್ ಟ್ರೈನಿಂಗ್ ಸೆಂಟರಿಗೆ ಕನ್ನಡ ಪಾಠಕ್ಕೆ ಹೋಗುತ್ತೇನೆ. ಮೊನ್ನೆ ಹೊಸ ಬ್ಯಾಚಿನ ಉದ್ಘಾಟನೆ. ದೀಪ ಬೆಳಗಲು ಐದು ಜನ ವಿದ್ಯಾರ್ಥಿಗಳನ್ನು ಕರೆದರು. ಒಬ್ಬ ಹುಡುಗಿ ವೇದಿಕೆ ಹತ್ತಿ, "ನಾನು ಹಚ್ಚುವುದಿಲ್ಲ ಸರ್, ಇಲ್ಲೇ ನಿಲ್ತೇನೆ" ಎಂದಳು.

ನನ್ನ ಎದೆ ಧಸಕ್ಕೆಂದಿತು. ಪ್ರಿನ್ಸಿಪಾಲರು "ಆಯ್ತಮ್ಮ" ಎಂದು ಮೇಣದಬತ್ತಿಯನ್ನು ಪಕ್ಕದವನ ಕೈಗೆ ಕೊಟ್ಟರು. ಅಷ್ಟೇ, ಭಾಷಣ ಶುರು. ಚಹಾದ ಹೊತ್ತಲ್ಲೂ ಯಾರೂ ಆ ಮಾತೆತ್ತಲಿಲ್ಲ. ಪಳಂಪೊರಿ (ಬಾಳೆಹಣ್ಣಿನ ಬಜ್ಜಿ) ತಣ್ಣಗಿದೆ ಎಂಬುದೇ ಅಂದಿನ ದೊಡ್ಡ ದೂರು!

ನಾನು ಟಿಸಿಎಚ್, ಅಂದರೆ ಶಿಕ್ಷಕರ ತರಬೇತಿ, ಮಾಡಿದ್ದು ಹಾಸನ ಕಡೆ, ಅನುದಾನಿತ ಸಂಸ್ಥೆಯಲ್ಲಿ. ಶುಕ್ರವಾರ ಬಂತೆಂದರೆ ಸರಸ್ವತಿ ಪೂಜೆ, ಸರದಿ ಪ್ರಕಾರ ಮಂಗಳಾರತಿ. ನಮ್ಮ ಜೊತೆಗೊಬ್ಬ ಕ್ರಿಶ್ಚಿಯನ್ ಹುಡುಗ ಇದ್ದ. ಅವನ ಸರದಿ ಬಂದಾಗ ಹಿಂದೇಟು ಹಾಕಿದ. "ನಾಳೆ ಮೇಷ್ಟ್ರಾಗೋನು ನೀನು, ಮಕ್ಕಳಿಗೇನು ಹೇಳ್ಕೊಡ್ತೀಯೋ?" ಎಂದರು ಒಬ್ಬ ಲೆಕ್ಚರರ್. ಇಂಟರ್ನಲ್ ಮಾರ್ಕ್ಸು ಅವರ ಕೈಯಲ್ಲಿತ್ತು. ಅವನು ತಟ್ಟೆ ಹಿಡಿದ. ನಾವೆಲ್ಲ ಸುಮ್ನೆ ಕಡ್ಲೆಪುರಿ ತಿಂದೆವು.

ತಮಾಷೆಯೆಂದರೆ, ಆ ವರ್ಷವೇ ಸಂವಿಧಾನದ 28ನೇ ವಿಧಿಯನ್ನು ಬಾಯಿಪಾಠ ಮಾಡಿದ್ದೆವು. ಪೂರ್ತಿ ಸರ್ಕಾರದ ದುಡ್ಡಲ್ಲಿ ನಡೆಯುವ ಸಂಸ್ಥೆಯಲ್ಲಿ ಧರ್ಮಬೋಧನೆ ಇರಬಾರದು. ಅನುದಾನ ಪಡೆಯುವ ಕಡೆ, ಒಪ್ಪಿಗೆಯಿಲ್ಲದೆ ಯಾರನ್ನೂ ಪೂಜೆಗೆ ಕೂರಿಸುವ ಹಾಗಿಲ್ಲ. ಐದು ಅಂಕದ ಪ್ರಶ್ನೆ, ನನಗೆ ಪೂರ್ತಿ ಅಂಕವೂ ಬಂದಿತ್ತು.

ಇಲ್ಲಿ ಒಂದೇ ಬೆಂಚಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳ ಮನೆಮಾತಿನವರು ಕೂರುತ್ತಾರೆ. ಬೇರೆಯವರ ಜೊತೆ ಬದುಕಿ ರೂಢಿಯಾಗಿದೆ, ನಮ್ಮೂರಲ್ಲಿ ಅದು ಆಗಲಿಲ್ಲ ಎಂದು ತಂಗಿಗೆ ಫೋನಿನಲ್ಲಿ ಕೊಚ್ಚಿಕೊಂಡೆ.

"ಅಣ್ಣ, ನಿನ್ನ ಕಾಸರಗೋಡಿನ ಬಡಾಯಿ ಸಾಕು. 1985ರಲ್ಲಿ ರಾಷ್ಟ್ರಗೀತೆ ಹಾಡಲಿಲ್ಲ ಅಂತ ಮೂರು ಮಕ್ಕಳನ್ನು ಶಾಲೆಯಿಂದ ಹೊರಗೆ ಹಾಕಿದ್ದು ಯಾವ ರಾಜ್ಯದಲ್ಲಿ?" ಎಂದಳು. ಕೇರಳದಲ್ಲೇ. ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡದ ಮಕ್ಕಳು, ಗೌರವದಿಂದ ಎದ್ದು ನಿಂತಿದ್ದರು, ಹಾಡಿರಲಿಲ್ಲ. ಅವರನ್ನು ವಾಪಸ್ ಸೇರಿಸಿಕೊಳ್ಳಲು 1986ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಒಪ್ಪಿಕೊಂಡೆ, ಏನು ಮಾಡೋದು? ಇಲ್ಲೂ ಎಲ್ಲ ಪ್ರಿನ್ಸಿಪಾಲರೂ "ಆಯ್ತಮ್ಮ" ಎನ್ನುವವರಲ್ಲ. ಅಲ್ಲದೆ ಶುಕ್ರವಾರ ಸಂಜೆಯಾದರೆ ಈಗಲೂ ಆ ಕರ್ಪೂರದ ವಾಸನೆ ನೆನಪಾಗಿ ಊರಿಗೆ ಹೋಗಬೇಕು ಅನಿಸುತ್ತದೆ.

ಈ ಹುಡುಗಿಯ ವಿಷಯ ಹೇಳೋಣವೆಂದು ರಾತ್ರಿ ಆ ಗೆಳೆಯನ ನಂಬರ್ ಹುಡುಕಿದೆ. ಕ್ಲಾಸಿನ ಎಲ್ಲರದ್ದೂ ಇತ್ತು, ಅವನದ್ದೊಂದು ಇರಲಿಲ್ಲ.