ಕಾದಂಬರಿಯ ಅಂಕಣದಲ್ಲಿ ಕೀಟನಾಶಕದ ಮಾತು

ಜಪಾನಿನ ಕೃಷಿ ಎಂದರೆ ನಮ್ಮಲ್ಲಿ ಮೊದಲು ಬಾಯಿಗೆ ಬರುವ ಹೆಸರು ಫುಕುವೊಕಾ. ತೇಜಸ್ವಿಯವರು ಅವರ ಬಗ್ಗೆ ಬರೆದ ಮೇಲಂತೂ ಉಳುಮೆ, ರಾಸಾಯನಿಕಗಳ ಹಂಗಿಲ್ಲದ ಅವರ ಸಹಜ ಕೃಷಿಯ ಚರ್ಚೆ ಕನ್ನಡದಲ್ಲಿ ನಿಂತೇ ಇಲ್ಲ. ಆದರೆ ಫುಕುವೊಕಾ ಅವರ ಪ್ರಸಿದ್ಧ ಪುಸ್ತಕ ಬಂದ 1975ರಲ್ಲೇ ಜಪಾನಿನ ಗೃಹಿಣಿಯರ ನಿದ್ದೆಗೆಡಿಸಿದ ಇನ್ನೊಬ್ಬ ಲೇಖಕಿಯಿದ್ದರು, ಸವಾಕೊ ಅರಿಯೋಶಿ. ಕೃಷಿಯ ಬಗ್ಗೆ ಬರೆಯುವ ನಮ್ಮವರು ಅವರನ್ನು ನೆನೆಯದಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಅರಿಯೋಶಿ ಕೃಷಿ ಪತ್ರಕರ್ತೆಯಾಗಿರಲಿಲ್ಲ. 1931ರಲ್ಲಿ ವಕಯಾಮಾದಲ್ಲಿ ಹುಟ್ಟಿ, ಬಾಲ್ಯದ ಕೆಲವು ವರ್ಷ ಜಾವಾದಲ್ಲಿ ಕಳೆದು, ಕಾದಂಬರಿಗಾರ್ತಿಯಾಗಿ ಹೆಸರು ಮಾಡಿದವರು. ಅರಳುಮರುಳಾದ ಮಾವನ ಆರೈಕೆ ಮಾಡುವ ಸೊಸೆಯ ಕಥೆ 1972ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾಯಿತು. ಅಂಥ ಲೇಖಕಿಯಿಂದ ಪತ್ರಿಕೆಗಳು ಇನ್ನೊಂದು ಸಂಸಾರದ ಕಥೆಯನ್ನು ನಿರೀಕ್ಷಿಸುವುದು ಸಹಜ. ಅವರು ಕೊಟ್ಟದ್ದೇ ಬೇರೆ. 1974ರ ಅಕ್ಟೋಬರಿನಿಂದ 1975ರ ಜೂನ್‌ವರೆಗೆ, ಅಸಾಹಿ ಶಿಂಬುನ್ ಪತ್ರಿಕೆಯಲ್ಲಿ ಧಾರಾವಾಹಿ ಕಾದಂಬರಿಗೆ ಮೀಸಲಾದ ಅಂಕಣದಲ್ಲಿ, ಕೀಟನಾಶಕ, ರಸಗೊಬ್ಬರ, ಬಟ್ಟೆ ಒಗೆಯುವ ಡಿಟರ್ಜೆಂಟ್, ಆಹಾರಕ್ಕೆ ಬೆರೆಸುವ ರಾಸಾಯನಿಕಗಳ ಬಗ್ಗೆ ಬರೆದರು. 'ಫುಕುಗೋ ಓಸೆನ್', ಅಂದರೆ ಸಂಯುಕ್ತ ಮಾಲಿನ್ಯ, ಅದರ ಹೆಸರು.

ಕಾಲವೂ ಹಾಗೇ ಇತ್ತು. ಡಿಡಿಟಿ ಎಂಬ ಕೀಟನಾಶಕ ಜಪಾನಿನಲ್ಲಿ 1971ರಲ್ಲಿ ನಿಷೇಧವಾಗಿತ್ತು. ಮಿನಮಾತಾದಲ್ಲಿ ಕಾರ್ಖಾನೆಯ ಪಾದರಸ ಸೇರಿದ ಮೀನು ತಿಂದು ಕಾಯಿಲೆ ಬಿದ್ದವರ ಪರವಾಗಿ 1973ರಲ್ಲಿ ತೀರ್ಪು ಬಂದಿತ್ತು. ಸೋಯಾ ಹಾಲಿನಿಂದ ಮಾಡುವ ತೋಫು ಕೆಡದಂತೆ ಬಳಸುತ್ತಿದ್ದ ಎಎಫ್-2 ಎಂಬ ರಾಸಾಯನಿಕಕ್ಕೆ 1974ರಲ್ಲಿ ತಡೆ ಬಿದ್ದಿತ್ತು. ಒಂದೊಂದು ಅನಾಹುತವೂ ಒಂದೊಂದು ಸುದ್ದಿಯಾಗಿ ಬಂದು ಹೋಗುತ್ತಿದ್ದಾಗ ಅರಿಯೋಶಿ ಎಲ್ಲವನ್ನೂ ಒಟ್ಟಿಗೆ ಇಟ್ಟು ಕೇಳಿದರು: ಒಂದೊಂದನ್ನೂ ಬಿಡಿಬಿಡಿಯಾಗಿ ಪರೀಕ್ಷಿಸಿ ಇಷ್ಟಿದ್ದರೆ ಅಪಾಯವಿಲ್ಲ ಎನ್ನುತ್ತೀರಿ, ಸರಿ. ಆದರೆ ಅನ್ನದ್ದು, ಸೊಪ್ಪಿನದ್ದು, ತೋಫುವಿನದ್ದು, ಕುಡಿಯುವ ನೀರಿನದ್ದು ಎಲ್ಲವೂ ಸೇರುವುದು ಒಂದೇ ಹೊಟ್ಟೆಗಲ್ಲವೇ?

ಈ ಪ್ರಶ್ನೆಯನ್ನು ಅವರು ಓದಿಸಿಕೊಂಡು ಹೋದ ಬಗೆ ನನಗೆ ಬಹಳ ಇಷ್ಟ. ಬರಹ ಶುರುವಾಗುವುದು ಗದ್ದೆಯಿಂದಲ್ಲ, 1974ರ ಮೇಲ್ಮನೆ ಚುನಾವಣೆಯ ಪ್ರಚಾರದಿಂದ. ಮಹಿಳೆಯರ ಮತದಾನದ ಹಕ್ಕಿಗೆ ಹೋರಾಡಿದ ಫುಸಾಯೆ ಇಚಿಕಾವಾ ಎಂಬತ್ತು ದಾಟಿದ ವಯಸ್ಸಿನಲ್ಲಿ ಕಣಕ್ಕಿಳಿದಿದ್ದರು. ಆ ಗದ್ದಲದಿಂದ ಓದುಗರನ್ನು ಮೆಲ್ಲಗೆ ಸತ್ತ ಮಣ್ಣಿನ ಕಡೆಗೆ ಕರೆದೊಯ್ಯುತ್ತಾರೆ. ರಸಾಯನಶಾಸ್ತ್ರ ಕಠಿಣವಾಗುವ ಕಡೆ ಕೇರಿಯ ಒಬ್ಬ ನಿವೃತ್ತ ಹಿರಿಯರು ಬರುತ್ತಾರೆ. ಲೇಖಕಿ ಏನೂ ತಿಳಿಯದವರಂತೆ ಪ್ರಶ್ನೆ ಹಾಕುತ್ತಾರೆ, ಅಜ್ಜ ಬಿಡಿಸಿ ಹೇಳುತ್ತಾರೆ. ಪಂಡಿತರ ಭಾಷೆಗೆ ಅಂಜುವ ಓದುಗರೂ ಹೀಗೆ ಸಾರಜನಕದ ಲೆಕ್ಕಾಚಾರದವರೆಗೆ ಬಂದುಬಿಡುತ್ತಾರೆ. ಕೃಷಿ ಪುಟ ರೈತರಿಗೆ ಮಾತ್ರ ಎಂದು ನಂಬಿ, ಎಕರೆಗೆ ಇಷ್ಟು ಲಕ್ಷ ಆದಾಯ ಎಂಬ ಯಶೋಗಾಥೆಗಳಲ್ಲೇ ಸುತ್ತುವ ನಮ್ಮ ಬರಹಗಾರರು ಈ ಜಾಣ್ಮೆಯನ್ನು ಕಲಿಯಬೇಕು. ಅರಿಯೋಶಿ ಬರೆದದ್ದು ಉಣ್ಣುವವರಿಗಾಗಿ.

ಯಾಮಗಾತಾ ಪ್ರಾಂತ್ಯದ ತಕಾಹತಾ ಎಂಬಲ್ಲಿ 1973ರಲ್ಲಿ ಯುವ ರೈತರು ಸಾವಯವ ಕೃಷಿಯ ಗುಂಪು ಕಟ್ಟಿದ್ದರು. ಕಳೆನಾಶಕ ಬಿಟ್ಟ ಮೇಲೆ ಉಳಿಯುವುದು ಕೆಸರುಗದ್ದೆಯಲ್ಲಿ ಬೆನ್ನು ಬಗ್ಗಿಸಿ ಕಳೆ ಕೀಳುವ ಕೆಲಸ. ಭತ್ತದ ಗದ್ದೆಯ ಕಳೆ ಕಿತ್ತವರಿಗೆ ಆ ಸೊಂಟನೋವನ್ನು ನಾನು ವಿವರಿಸಬೇಕಾಗಿಲ್ಲ. ಅರಿಯೋಶಿ ಅಲ್ಲಿಗೆ ಹೋದರು, ಅವರ ಬಗ್ಗೆ ಬರೆದರು.

ವಿಜ್ಞಾನಿಗಳಲ್ಲಿ ಕೆಲವರು ಇದು ಅತಿರೇಕ, ಕಾದಂಬರಿಗಾರ್ತಿಗೆ ಇದೆಲ್ಲ ಏನು ಗೊತ್ತು ಎಂದರು. ಕೆಲವು ವಿವರಗಳ ಬಗ್ಗೆ ತಕರಾರು ಇರಬಹುದು, ಇರಲಿ. ಹೊಟ್ಟೆಯೊಳಗೆ ಎಲ್ಲವೂ ಬೆರೆತಾಗ ಏನಾಗುತ್ತದೆ ಎಂದು ಕೇಳಲು ಪದವಿ ಬೇಕೆಂದು ನನಗೆ ಅನ್ನಿಸುವುದಿಲ್ಲ.

ಮುಂದೆಯೂ ಅವರು ಸುಮ್ಮನೆ ಕೂರಲಿಲ್ಲ. 1978ರಲ್ಲಿ ಚೀನಾದ ಸಾಮೂಹಿಕ ಕೃಷಿಯ ಕಮ್ಯೂನ್‌ಗಳಿಗೆ ಹೋಗಿ ರೈತರ ಜೊತೆ ಕೀಟನಾಶಕದ ಮಾತಾಡಿದರು, ಮರುವರ್ಷ ಅದು ಪುಸ್ತಕವಾಯಿತು. ಆಮೇಲೆ ಜಪಾನಿನ ದೂರದ ದ್ವೀಪಗಳನ್ನು ಸುತ್ತಿ ಅಲ್ಲಿನ ಬದುಕನ್ನು ಬರೆದರು. 1984ರಲ್ಲಿ, 53ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅವರ ಕಾದಂಬರಿಗಳು ಇಂಗ್ಲಿಷಿನಲ್ಲಿ ಸಿಗುತ್ತವೆ, ಆಸಕ್ತಿಯಿದ್ದವರು ಅಲ್ಲಿಂದ ಆರಂಭಿಸಬಹುದು. 'ಫುಕುಗೋ ಓಸೆನ್' ಕೃತಿಯನ್ನು ಮಾತ್ರ ಜಪಾನಿ ಬಲ್ಲ ಕನ್ನಡಿಗರು ಯಾರಾದರೂ ನೇರವಾಗಿ ಮೂಲದಿಂದಲೇ ತರಬೇಕು. ಜಪಾನಿನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅಂಥವರು ಗೊತ್ತಿದ್ದರೆ ದಯವಿಟ್ಟು ಈ ಬರಹವನ್ನು ಅವರಿಗೆ ತಲುಪಿಸಿ.